ಚೀಲದಲ್ಲಿದ್ದ ಹುಲ್ಲು

ಉತ್ತರ ಧ್ರುವದ ಸುತ್ತ ಬೆಳೆಯುವ ಒಂದು ಹುಲ್ಲು, ಬಿಸಿ ಬಯಲುಗಳನ್ನೆಲ್ಲ ಬಿಟ್ಟು, ಕೀನ್ಯಾ ಪರ್ವತದ ನೆತ್ತಿಯಲ್ಲಿ ಮತ್ತೆ ಕಾಣಿಸುತ್ತದೆ. ಎರಡೂ ಒಂದೇ ಜಾತಿಯೋ, ಬೇರೆಯೋ ಎಂಬುದು ನನ್ನ ಸಂಶೋಧನೆ. ತೆನೆಯ ಹೊಟ್ಟಿನಿಂದ ಹೊರಡುವ ಸಣ್ಣ ಕೂದಲು ಬುಡದಲ್ಲಿ ಹುಟ್ಟಿದೆಯೋ, ನಡುವಿನಲ್ಲೋ ಎಂದು ಲೆನ್ಸ್ ಹಿಡಿದು ನೋಡಬೇಕು.

ಆ ಮಧ್ಯಾಹ್ನ ಲ್ಯಾಪ್‌ಟಾಪ್ ಮನೆಯಲ್ಲಿ ಬಿಟ್ಟು, ಪರ್ವತದಿಂದ ತಂದ ಮಾದರಿಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಅದರ ಚೀಲದಲ್ಲಿ ಇಟ್ಟಿದ್ದೆ. ಕೀನ್ಯಾದ ರಾಜಧಾನಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನಿಗೆ ಕಾಯುತ್ತಿದ್ದಾಗ ಒಬ್ಬ ಚೀಲ ಕಿತ್ತುಕೊಂಡು ಓಡಿದ. ‘ಮ್ವಿಜಿ’ ಎಂದು ಕೂಗಿದೆ. ಕಳ್ಳ ಎಂದರ್ಥ. ಮೈಸೂರಿನಲ್ಲಿ ಹಾಗೆ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಇಲ್ಲಿ ಅದು ಹೊಡೆಯಲು ಜನ ಸೇರಿಸುವ ಮಾತು. ನನಗೆ ಅರ್ಥ ಗೊತ್ತಿತ್ತು, ಬಳಕೆ ಗೊತ್ತಿರಲಿಲ್ಲ.

ಅವನು ಇಪ್ಪತ್ತು ಹೆಜ್ಜೆ ಓಡಿರಲಿಲ್ಲ. ಬಾಡಿಗೆ ಬೈಕಿನವನೊಬ್ಬ ಹೆಲ್ಮೆಟ್ಟಿನಿಂದ ಮುಖಕ್ಕೆ ಹೊಡೆದ. ಚೀಲದ ಮೇಲೆ ಬೋರಲು ಬಿದ್ದವನ ಬೆನ್ನಿಗೆ ಬೂಟು, ಕಲ್ಲು, ಕಬ್ಬಿಣದ ಸರಳು. ಯಾರದೋ ಹಿಮ್ಮಡಿಯ ಕೆಳಗೆ ಅವನ ಬೆರಳುಗಳು ಮುರಿದದ್ದು ಕೇಳಿಸಿತು. ಕೊರಳಿಗೆ ಹಾಕಿ ಸುಡಲು ಒಬ್ಬ ಟೈರ್ ಉರುಳಿಸಿಕೊಂಡು ಬಂದ. ಇನ್ನೊಬ್ಬ ಬೈಕಿನ ಟ್ಯಾಂಕಿಗೆ ಪೈಪ್ ಇಳಿಸಿ ಪೆಟ್ರೋಲ್ ಎಳೆಯತೊಡಗಿದ.

ನಾನು ನುಗ್ಗಿದೆ. ನನ್ನ ಹರಕು ಸ್ವಾಹಿಲಿಯಲ್ಲಿ, “ಬಿಡಿ, ಇವನು ಕಳ್ಳ ಅಲ್ಲ. ನನ್ನ ಜೊತೆ ಕೆಲಸ ಮಾಡೋನು,” ಎಂದೆ.

“ಈಗ ತಾನೇ ಮ್ವಿಜಿ ಅಂದ್ಯಲ್ಲ, ಮಾಮಾ?” ಪಕ್ಕದಲ್ಲಿ ಜೋಳ ಸುಡುತ್ತಿದ್ದ ಹೆಂಗಸು ಕೇಳಿದಳು. ಇಲ್ಲಿ ‘ಮಾಮಾ’ ಎಂದರೆ ಅಮ್ಮ. “ಇಷ್ಟು ಬೇಗ ಕೆಲಸಕ್ಕೆ ಸೇರಿಸ್ಕೊಂಡ್ಯಾ?”

ಹೆಲ್ಮೆಟ್ಟಿನವನು ಬಿದ್ದವನ ಕಾಲರ್ ಹಿಡಿದು ತಲೆ ಎತ್ತಿದ. “ಹಾಗಾದ್ರೆ ಹೇಳು. ಚೀಲದಲ್ಲಿ ಏನಿದೆ?”

ಲ್ಯಾಪ್‌ಟಾಪ್ ಅನ್ನುತ್ತಾನೆ ಎಂದುಕೊಂಡೆ. ಸತ್ತ ಎಂದುಕೊಂಡೆ. ಆದರೆ ಜಿಪ್ ಒಡೆದು ಹಾಳೆಗಳು ಅವನ ಗದ್ದದ ಕೆಳಗೇ ಬಿಚ್ಚಿಕೊಂಡಿದ್ದವು. ಅವನು ಬಾಯಿಂದ ರಕ್ತ ಉಗಿದು, “ಹುಲ್ಲು,” ಎಂದ.

ಹೆಲ್ಮೆಟ್ಟಿನವನು ಚೀಲ ಎಳೆದು ಕೊಡವಿದ. ಹುಲ್ಲೇ ಬಿತ್ತು.

“ಮೇಕೆ ಸಾಕ್ತೀಯಾ, ಮಾಮಾ?” ಯಾರೋ ಅಂದರು. ನಗು ಹಬ್ಬಿತು. ಪೈಪ್ ಹಿಡಿದವನು ಅದನ್ನು ಸುತ್ತಿಟ್ಟ. ಹೆಲ್ಮೆಟ್ಟಿನವನು ಪಕ್ಕೆಗೆ ಕೊನೆಯದೊಂದು ಒದೆ ಕೊಟ್ಟು ಹೋದ.

ತೆನೆಗಳು ಪುಡಿಯಾಗಿದ್ದವು. ಅವುಗಳನ್ನು ಬಿಟ್ಟು ಬಿದ್ದವನತ್ತ ಕೈ ಚಾಚಿದೆ. ಅವನು ಮುರಿದ ಕೈಯಿಂದ ತಲೆ ಮುಚ್ಚಿಕೊಂಡ. ಆಮೇಲೆ ಗೋಡೆ ಹಿಡಿದು ಎದ್ದು, ಕುಂಟುತ್ತ ಹೊರಟ. ಮರೆಯಾಗುವ ಮೊದಲು ಮೂರು ಸಲ ತಿರುಗಿ, ಮತ್ತೆ ಕೂಗಿಬಿಟ್ಟೇನೋ ಎಂಬಂತೆ, ನನ್ನ ಬಾಯನ್ನೇ ನೋಡಿದ.