ಅಜ್ಜಿಯ ಗುಟ್ಟಿನ ಎಲೆ

ಎಪ್ಪತ್ತರ ದಶಕದಲ್ಲಿ ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಯಾರ ಮೊಣಕಾಲು ತರಚಿದರೂ, ಯಾರ ಬೆರಳು ಕೊಯ್ದರೂ ನಮ್ಮ ಅಜ್ಜಿಯ ಹತ್ತಿರ ಓಡಿ ಬರುತ್ತಿದ್ದರು. ಅಜ್ಜಿ ಹಿತ್ತಲಿಗೆ ಹೋಗಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬರುತ್ತಿದ್ದಳು. ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಅರೆದು, ಗಾಯಕ್ಕೆ ಹಸಿರು ರಸ ಹಿಂಡುತ್ತಿದ್ದಳು. ಮೇಲೆ ಅಪ್ಪ ಮನೆಯ ಮಗ್ಗದಲ್ಲಿ ನೇಯುವ ಕುಪ್ಪಸದ ಖಣದ ತುಂಡಿನ ಪಟ್ಟಿ. ನಮ್ಮ ಮೊಣಕಾಲುಗಳು ಜರಿ ಅಂಚು ಉಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದವು.

ಯಾವ ಸೊಪ್ಪು ಎಂದು ಕೇಳುವಂತಿರಲಿಲ್ಲ. "ಹೆಸರು ಹೇಳಿದ್ರ ಔಷಧಿ ಹತ್ತಂಗಿಲ್ಲ" ಎಂಬುದು ಚೊಳಚಗುಡ್ಡದ ತವರಿನಿಂದ ಅವಳು ತಂದ ಕಟ್ಟಳೆ. ಬಂಗಾರ ತರುವುದು ಬಿಟ್ಟು ಇದನ್ನು ತಂದಳು ಎಂದು ಅಜ್ಜ ಛೇಡಿಸುತ್ತಿದ್ದ. ಖರೆ ಹೇಳಬೇಕೆಂದರೆ, ಅದು ಬಚ್ಚಲ ನೀರು ಹರಿಯುವಲ್ಲಿ ತಾನೇ ಹುಟ್ಟುವ, ಒರಟು ಎಲೆಯ, ಸಣ್ಣ ಹಳದಿ ಹೂವಿನ ಕಸ. ಓಣಿಯ ಆಡುಗಳಿಗೂ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಭಯಕ್ಕೇ ಗಿಡವನ್ನು ಮುಚ್ಚಿಟ್ಟಿದ್ದಳೋ ಏನೋ. ಗುಟ್ಟು ಹೋದರೆ ಅಜ್ಜಿಯ ದೊಡ್ಡಸ್ತಿಕೆಯೂ ಹೋಗುತ್ತಿತ್ತು. ಹಾಗಾಗಿ ನಾವ್ಯಾರೂ ಬಾಯಿ ಬಿಡಲಿಲ್ಲ.

ಒಂದು ದಿನ ಕುಂಬಳಕಾಯಿ ಹೆಚ್ಚುವಾಗ ಈಳಿಗೆ ಅವಳ ಬಲಗೈಯನ್ನೇ ಕೊಯ್ದಿತು. ಎಡಗೈಯಿಂದ ಗಾಯ ಒತ್ತಿ ಹಿಡಿದು ಕುಳಿತಳು. ಸೊಪ್ಪು ತರಲು ಕೈ ಖಾಲಿ ಇಲ್ಲ, ತರಿಸಲು ಹೆಸರು ಹೇಳುವಂತಿಲ್ಲ. ಮಗ್ಗ ಬಿಟ್ಟು ಎದ್ದು ಬಂದ ಅಪ್ಪ "ದವಾಖಾನಿಗೆ ನಡಿಯವ್ವಾ" ಎಂದ. ಅಜ್ಜಿ ಅವನನ್ನು ದುರುಗುಟ್ಟಿ ನೋಡಿದಳು. ತಾನೇ ದವಾಖಾನೆಗೆ ಹೋದರೆ ನಾಳೆ ಓಣಿಯವರು ಅವಳ ಬಾಗಿಲಿಗೆ ಯಾಕೆ ಬರುತ್ತಾರೆ?

ನನ್ನ ಅವ್ವ ಹಿತ್ತಲಿಗೆ ಹೋದಳು. ಸರಿಯಾದ ಎಲೆ ತಂದರೆ ಗುಟ್ಟು ಬಯಲು, ತರದಿದ್ದರೆ ರಕ್ತ ನಿಲ್ಲದು. ಅವ್ವ ಬೇವು, ತುಳಸಿ, ಕರಿಬೇವು, ಹುಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಮೊರದ ತುಂಬ ತಂದು ಅಜ್ಜಿಯ ಮುಂದಿಟ್ಟಳು.

"ನಮಗೇನ್ ತಿಳೀತೈತ್ರಿ ಅತ್ತಿ, ನೀವ ಆರಿಸ್ಕೋರಿ" ಎಂದು ಗೋಡೆಯ ಕಡೆ ಮುಖ ಮಾಡಿ ನಿಂತಳು.

ಇಣುಕಿ ನೋಡಿದೆ. ಬೇಕಾದ ಎಲೆ ಎಲ್ಲದರ ಮೇಲಿತ್ತು, ಅದೊಂದನ್ನು ಮಾತ್ರ ಮಣ್ಣು ಹೋಗುವಂತೆ ತೊಳೆದಿದ್ದಳು. ನನಗೆ ಅವ್ವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಅಜ್ಜಿ ಮೊರ ನೋಡಿದಳು, ಸೊಸೆಯ ಬೆನ್ನು ನೋಡಿದಳು. ಕೊಯ್ದ ಕೈಯನ್ನು ಅವಳ ಕಡೆ ಚಾಚಿ ಅಂದಳು:

"ಈ ಕಡೆ ತಿರಗವ್ವಾ. ಗ್ವಾಡಿ ನೋಡಕೋತ ನಿಂತ್ರ ಹಚ್ಚೋದು ಯಾವಾಗ ಕಲೀತಿ?"