ಸದ್ದಿಲ್ಲದ ಮನೆ ಹುಡುಕಿದ್ದು

ಹುಬ್ಬಳ್ಳಿಯ ಬಾಡಿಗೆ ಮನೆಯನ್ನು ಮಾಲೀಕರು ತಮ್ಮ ಮಗಳಿಗೆ ಬೇಕೆಂದು ವಾಪಸು ಕೇಳಿದಾಗ ನಮ್ಮನ್ನು ಬಲ್ಲವರೆಲ್ಲ ಹೇಳಿದ್ದು ಒಂದೇ ಮಾತು: "ನಿಮಗೇನ್ರಿ ಚಿಂತಿ? ಎಲ್ಲಿ ಕುಂತರೂ ನಿಮ್ಮ ಕೆಲಸ ನಡೀತೈತಿ."

ನಿಜ. ನನ್ನ ಗಂಡ ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬರೆಯುತ್ತಾನೆ. ನಾನು ಶಾಲೆಯ ಪಾಠಗಳನ್ನು ಓದಿ, ಧ್ವನಿ ಮುದ್ರಿಸಿ ಬೆಂಗಳೂರಿನ ಒಂದು ಕಚೇರಿಗೆ ಕಳಿಸುತ್ತೇನೆ. ಮಕ್ಕಳು ಅದನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಇಬ್ಬರಿಗೂ ಬೇಕಾದದ್ದು ಕರೆಂಟು ಮತ್ತು ಇಂಟರ್ನೆಟ್ಟು, ಅಷ್ಟೇ. ಆದರೆ ಎಲ್ಲಿ ಬೇಕಾದರೂ ಇರಬಹುದಾದವರ ಕಷ್ಟ ಯಾರಿಗೂ ಅರ್ಥವಾಗುವುದಿಲ್ಲ. ವರ್ಗವಾಗಿ ಬಂದವರಿಗೆ ಊರು ಹಿಡಿಸದಿದ್ದರೆ ಬೈಯಲು ಒಬ್ಬ ಸಾಹೇಬನಾದರೂ ಇರುತ್ತಾನೆ. ನಮಗೆ ಬೈಯಲು ನಾವಿಬ್ಬರೇ ಇದ್ದೆವು, ಆ ಸೌಲಭ್ಯವನ್ನು ಧಾರಾಳವಾಗಿ ಬಳಸಿಕೊಂಡೆವು.

ಗಂಡನ ಷರತ್ತು ಒಂದೇ: ತಾನು ಆಡಿ ಬೆಳೆದ ಮಲಪ್ರಭೆಯ ಸೀಮೆಯಲ್ಲೇ ಇರಬೇಕು. ನನ್ನ ಷರತ್ತೂ ಒಂದೇ: ಸದ್ದಿರಬಾರದು. ಕಚೇರಿಯದು ಇನ್ನೊಂದಿತ್ತು. ನನ್ನ ದನಿ ಕೇಳಿದರೆ ನಾನು ಯಾವ ಊರಿನವಳೆಂದು ಗೊತ್ತಾಗಬಾರದು. ಅದು ನನಗೆ ಕಷ್ಟವಾಗಿರಲಿಲ್ಲ. ಹುಟ್ಟಿದ್ದು ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಾದರೂ ಓದಿದ್ದು ಮೈಸೂರಿನಲ್ಲಿ. ಅಲ್ಲಿ ಮೊದಲ ವಾರವೇ ಶಾಲೆಗೆ "ಸಾಲಿ" ಅಂದು ಇಡೀ ತರಗತಿಯನ್ನು ನಗಿಸಿದ್ದೆ. ಅವಮಾನವಾಯಿತು. ಆಮೇಲೆ ನಾಲಿಗೆಯನ್ನು ಎಷ್ಟು ತಿಕ್ಕಿ ತೊಳೆದೆನೆಂದರೆ, ಈಗ ಆ ತೊಳೆದ ನಾಲಿಗೆಯಿಂದಲೇ ನನ್ನ ಅನ್ನ.

ಮೊದಲು ರಾಮದುರ್ಗಕ್ಕೆ ಹೋದೆವು. ಮಾಳಿಗೆಯ ಮೇಲಿನ ಮನೆ, ಒಳ್ಳೆಯ ಗಾಳಿ, ಸಿಹಿ ನೀರು. ಗಂಡ ಸುತ್ತ ನೋಡಿ "ಅಡ್ಡಿ ಇಲ್ಲ" ಅಂದ. ನಮ್ಮ ಕಡೆ ಈ ಮಾತಿಗೆ "ಬಹಳ ಚೆನ್ನಾಗಿದೆ" ಎಂಬಲ್ಲಿಂದ ಹಿಡಿದು "ಏನು ಮಾಡಲಿಕ್ಕಾಗುತ್ತೆ" ಎಂಬಲ್ಲಿಯವರೆಗೆ ಎಲ್ಲ ಅರ್ಥವೂ ಉಂಟು. ನಾನು ಮೊದಲನೆಯ ಅರ್ಥ ಹಿಡಿದು ಸಾಮಾನು ಇಳಿಸಿದೆ. ಮರುದಿನ ಬೆಳಗ್ಗೆ ಓಣಿಯ ಮಗ್ಗಗಳು ಶುರುವಾದವು. ಗಿಡಗಳು ಬಿಸಿಲಿನಲ್ಲಿ ಆಹಾರ ತಯಾರಿಸುವ ಪಾಠವನ್ನು ಓದಿ ಕಳಿಸಿದೆ. ಕೇಳಿದರೆ ಗಿಡ ಸೀರೆ ನೇಯುತ್ತಿದೆಯೇನೋ ಅನ್ನಿಸುತ್ತಿತ್ತು. ಕಚೇರಿಯಲ್ಲಿ ನನ್ನ ಪಾಠಗಳನ್ನು ಪರೀಕ್ಷಿಸುವ ಹುಡುಗಿ ಫೋನು ಮಾಡಿ, "ಮೇಡಂ, ಹಿಂದೆ ರೈಲು ಹೋಗ್ತಾ ಇದೆಯಾ?" ಅಂತ ಕೇಳಿದಳು.

"ರಾಮದುರ್ಗಕ್ಕೆ ರೈಲೇ ಇಲ್ಲಮ್ಮ," ಅಂದೆ. ಅದು ಉತ್ತರವಾಗಲಿಲ್ಲ.

ಅಲ್ಲಿಂದ ಕಿತ್ತೂರಿಗೆ. ಮಳೆಗಾಲದಲ್ಲಿ ಹೋದದ್ದೇ ತಪ್ಪಾಯಿತು. ಊರು ಎಷ್ಟು ತಣ್ಣಗಿತ್ತೆಂದರೆ, ಅಂತೂ ನೆಲೆ ಸಿಕ್ಕಿತೆಂದು ಗೋಡೆಗೆ ಮೊಳೆ ಸಹ ಹೊಡೆದೆವು. ಆಮೇಲೆ ಕಬ್ಬು ಕಡಿಯುವ ಕಾಲ ಬಂತು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳೆಲ್ಲ ನಮ್ಮ ಮನೆಯ ಮುಂದಿನ ದಾರಿಯನ್ನೇ ಹಿಡಿದವು. ಹಿಂದೆ ಎರಡು ಟ್ರೇಲರಿನ ಕಬ್ಬು, ಮುಂದೆ ಆಳೆತ್ತರದ ಸ್ಪೀಕರು. ಟ್ರ್ಯಾಕ್ಟರು ಕಾಣುವ ಮೊದಲೇ ಹಾಡು ಬರುತ್ತಿತ್ತು, ಟ್ರ್ಯಾಕ್ಟರು ಹೋದಮೇಲೂ ಹಾಡು ಉಳಿಯುತ್ತಿತ್ತು. ವಿಜಯನಗರದ ಪತನವನ್ನು ಕುಣಿತದ ಹಾಡಿನ ಜೊತೆ ಓದಿದವಳು ನಾನೊಬ್ಬಳೇ ಇರಬೇಕು.

ನನಗೆ ಸಿಟ್ಟು ಬೇಗ. ಒಂದು ದಿನ ಸೆರಗು ಸಿಕ್ಕಿಸಿಕೊಂಡು ರಸ್ತೆಯ ಮಧ್ಯೆ ನಿಂತು ಒಂದು ಟ್ರ್ಯಾಕ್ಟರನ್ನು ನಿಲ್ಲಿಸಿದೆ. ಡ್ರೈವರು ಹಾಡು ಸಣ್ಣ ಮಾಡಿ, ನಾನು ಬೈದದ್ದನ್ನೆಲ್ಲ ಕೊನೆತನಕ ಕೇಳಿ, "ನಿದ್ದಿ ಬರಬಾರದಲ್ರೀ, ಅದಕ್ಕ ಹಚ್ಚಿರತೇವಿ. ತಗೋರಿ, ಕಬ್ಬ ತಿನ್ರಿ," ಎಂದು ಟ್ರೇಲರಿನಿಂದ ಎರಡು ಗಳ ಎಳೆದು ಕೊಟ್ಟ. ಬೈಯಲು ಹೋದವಳು ಕಬ್ಬು ಹೊತ್ತು ಬಂದೆ. ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಕಬ್ಬು ಸೀಳಿ ತಿಂದೆವು. ಗಂಡ ನನ್ನ ಮುಖ ನೋಡದೆ, "ಸವದತ್ತ್ಯಾಗ ಒಂದ್ ಮನಿ ಐತಂತ," ಅಂದ.

ಸವದತ್ತಿಯ ಮನೆ ಹಳೆಯ ಓಣಿಯಲ್ಲಿತ್ತು. ಹುಣ್ಣಿಮೆಗೆ ದೇವಿಯ ಗುಡ್ಡಕ್ಕೆ ಹೋಗುವ ಗಾಡಿಗಳ ಗದ್ದಲ ಬಿಟ್ಟರೆ ಮಿಕ್ಕ ದಿನ ಓಣಿ ತನ್ನ ಪಾಡಿಗೆ ಇರುತ್ತಿತ್ತು. ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಅದೇ ನನ್ನ ಸ್ಟುಡಿಯೋ ಅಂದುಕೊಂಡೆ. ಮೊದಲ ದಿನ ಮೈಕು ಹಚ್ಚಿದರೆ ಗೋಡೆಯಿಂದ ಪಟ ಪಟ ಪಟ ಎಂದು ಸದ್ದು. ಪಕ್ಕದ ಮನೆಯಾಕೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು, ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ.

ಜಗಳಕ್ಕೆ ತಯಾರಾಗಿಯೇ ಹೋದೆ. ಆಕೆ ಹಿಟ್ಟಿನ ಕೈಯಲ್ಲೇ ಮಣೆ ಸರಿಸಿ "ಕುಂಡ್ರಿ" ಅಂದಳು. ನನ್ನ ಕೆಲಸ ಏನೆಂದು ಕೇಳಿದ್ದೇ ನನ್ನನ್ನು "ಅಕ್ಕೋರ" ಅನ್ನತೊಡಗಿದಳು. ಇಲ್ಲಿ ಶಾಲೆಯ ಶಿಕ್ಷಕಿಯನ್ನು ಕರೆಯುವುದೇ ಹಾಗೆ. "ಅಕ್ಕೋರ, ನೀವು ಪಾಠಾ ಓದೂ ಹೊತ್ತಿಗೆ ನಾ ಬಡಿಯೂದು ಮುಗಿಸಿರತೇನಿ. ಸಾಲಿ ಹುಡುಗೂರ ಕೆಲಸಕ್ಕ ನಂದೇನ್ ಅಡ್ಡಿ?" ಮರುದಿನದಿಂದ ಅವಳು ನಸುಕಿನಲ್ಲೇ ಒಲೆ ಹೊತ್ತಿಸಿದಳು. ಅಷ್ಟೇ ಅಲ್ಲ, ಹಳೆಯ ಸೀರೆಗಳಿಂದ ತಾನೇ ಹೊಲಿದ ಕೌದಿಗಳನ್ನು ತಂದು ನನ್ನ ಕೋಣೆಯ ನಾಲ್ಕೂ ಗೋಡೆಗೆ ತೂಗುಹಾಕಿದಳು. ಸದ್ದು ಹೊರಗೇ ನಿಂತಿತು. ನಾನು ಅವಳನ್ನು "ವೈನಿ" ಅನ್ನತೊಡಗಿದೆ. ಅತ್ತಿಗೆಗೆ ಹೇಳುವ ಮಾತು. ನನಗೆ ಅಣ್ಣನೇ ಇಲ್ಲ, ಆದರೂ ನಡೆಯಿತು.

ಅವಳ ರೊಟ್ಟಿ ಮುಗಿದು ನನ್ನ ಓದು ಶುರುವಾಗುವ ನಡುವೆ ಚಹಾದ ಹೊತ್ತು. ಆಗ ನಾವಿಬ್ಬರೂ ಊರಿನವರನ್ನೆಲ್ಲ ಒಂದು ಸುತ್ತು ಮಾತಾಡಿ ಮುಗಿಸುತ್ತಿದ್ದೆವು. ಅಷ್ಟು ನಕ್ಕದ್ದು ನನಗೆ ಬೇರೆ ಯಾವ ಊರಿನಲ್ಲೂ ನೆನಪಿಲ್ಲ. ಅದರ ಫಲ ಚಳಿಗಾಲ ಮುಗಿಯುವುದರೊಳಗೆ ಕಂಡಿತು. ಕಚೇರಿಯ ಹುಡುಗಿ ಮೂರು ಪಾಠಗಳನ್ನು ವಾಪಸು ಕಳಿಸಿದಳು. "ಮೇಡಂ, 'ಮನಿ' ಅಂತ ಬಂದಿದೆ. ಒಂದು ಕಡೆ 'ಸಾಲಿ' ಅಂತಾನೂ ಇದೆ. ಹೀಗೇ ಆದ್ರೆ ಮೇಲಿನವರು ಬೇರೆ ದನಿ ನೋಡೋಣ ಅಂತಿದ್ದಾರೆ."

ನನಗೆ ಭಯವಾಯಿತು. ಈ ಕೆಲಸ ನನಗೆ ಇಷ್ಟ. ಅದಿಲ್ಲದೆ ಸಂಸಾರದ ಬಂಡಿಯೂ ಸಾಗುವುದಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ: ಪಾಠ ಓದಿ ಮುಗಿಯುವವರೆಗೆ ಯಾರ ಜೊತೆಗೂ ಮಾತಿಲ್ಲ. ಮುಂಜಾನೆ ವೈನಿ ಕೂಗಿದರೆ ಕೈಸನ್ನೆ ಮಾಡಿ ಒಳಗೆ ಹೋಗಿಬಿಡುತ್ತಿದ್ದೆ. ಯಾಕೆಂದು ಹೇಳಲೂ ಇಲ್ಲ. ನಿನ್ನ ಮಾತು ನನ್ನನ್ನು ಕೆಡಿಸುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ನಾನು ಮರೆತದ್ದು ಒಂದಿತ್ತು. ನಮ್ಮ ಕಡೆ ಜಗಳ ದೊಡ್ಡದಲ್ಲ. ಬೆಳಗ್ಗೆ ಜಗಳವಾಡಿದವರು ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಾರೆ. ಆದರೆ ಮಾತು ಬಿಡುವುದು ದೊಡ್ಡದು. ಮಾತು ಬಿಟ್ಟ ಅಣ್ಣತಮ್ಮಂದಿರು ಒಬ್ಬರ ಮಕ್ಕಳ ಮದುವೆಗೆ ಒಬ್ಬರು ಹೋಗುವುದಿಲ್ಲ. ಒಂದು ಮಧ್ಯಾಹ್ನ ವೈನಿ ಬಟ್ಟಲು ತುಂಬ ಎಣ್ಣೆಗಾಯಿ ಪಲ್ಯ ಹಿಡಿದು ಬಾಗಿಲಲ್ಲಿ ನಿಂತಳು. ಕಣ್ಣು ತುಂಬಿತ್ತು.

"ಅಕ್ಕೋರ, ನನ್ನಿಂದ ಏನರ ತಪ್ಪಾಗಿದ್ರ ಬೈರಿ. ಬೇಕಾದ್ರ ಎರಡು ಬಡೀರಿ. ಮಾತ ಮಾತ್ರ ಬಿಡಬ್ಯಾಡ್ರಿ."

ನನಗೆ ನಾಚಿಕೆಯಾಯಿತು. ಕೈಹಿಡಿದು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಪಲ್ಯದ ಬಟ್ಟಲನ್ನು ನನ್ನ ಕೈಗಿಟ್ಟಳು.

"ಅಂದ್ರ ನಮ್ಮ ಮಾತು ನಿಮಗ ನೆಗಡಿ ಹತ್ತಿದಂಗ ಹತ್ತತೈತಿ?"

"ಹೂಂ."

"ಅದಕ್ಯಾಕ ಮಾತ ಬಿಡ್ತೀರಿ? ಮುಂಜಾನಿ ನಾನೂ ಪುಸ್ತಕದ ಕನ್ನಡಾನ ಮಾತಾಡ್ತೇನಿ. ಸಾಲ್ಯಾಗ ಏಳನೇತ್ತ ಪಾಸಾಗೇನಿ ನಾ. ಟಿವ್ಯಾಗ ದಿನಾ ಸುದ್ದಿ ನೋಡ್ತೇನಿ."

ತಮಾಷೆ ಅಂದುಕೊಂಡೆ. ಮರುದಿನ ಚಹಾದ ಹೊತ್ತಿಗೆ ಹಿತ್ತಲ ಗೋಡೆಯ ಮೇಲಿಂದ ದನಿ ಬಂತು: "ನಮಸ್ಕಾರ. ತಾವು ಉಪಾಹಾರವನ್ನು ಸೇವಿಸಿದ್ದೀರಾ?"

ನಗು ನುಂಗಿಕೊಂಡು, "ಸೇವಿಸಿದ್ದೇನೆ. ತಾವು?" ಅಂದೆ.

"ಇನ್ನೂ ಇಲ್ಲ. ನಮ್ಮ ಯಜಮಾನರು ತಡವಾಗಿ ಎದ್ದಿರುವ ಘಟನೆ ನಡೆದಿದೆ. ರೊಟ್ಟಿಯೊಂದು ಹರಿದು ಹೋತು. ಅಲ್ಲಲ್ಲ, ಹೋಯಿತು. ಗಿರಣಿಯವನ ವಿರುದ್ಧ ಆಕ್ರೋಶ ವ್ಯಕ್ತವಾಗಿದೆ."

ಆ ದಿನ ನಗು ತಡೆಯಲಾಗದೆ ಪಾಠ ಅರ್ಧ ಗಂಟೆ ತಡವಾಯಿತು. ಆದರೆ "ಮನೆ" ಮನೆಯಾಗಿಯೇ ಬಂತು. ಅಲ್ಲಿಂದ ದಿನವೂ ಹಾಗೆಯೇ. ಓದು ಮುಗಿದು ನಾನು ಗೋಡೆ ತಟ್ಟಿದರೆ "ಮುಗೀತೇನ್ರಿ?" ಎಂದು ಅವಳು ತನ್ನ ಮಾತಿಗೆ ಮರಳುತ್ತಿದ್ದಳು, ಇಬ್ಬರೂ ಬಿಗಿಯಾದ ಚಪ್ಪಲಿ ಕಳಚಿದಂತೆ ಹಗುರಾಗುತ್ತಿದ್ದೆವು. ಆಗೊಂದು ಈಗೊಂದು ಪಾಠ ವಾಪಸು ಬರುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ.

ಅಷ್ಟರಲ್ಲಿ ಬೈಲಹೊಂಗಲದ ಮನೆ ಬಂತು. ಗಂಡನ ಚಿಕ್ಕಪ್ಪನ ಮಗ ಊರ ಹೊರಗೆ ಹೊಸ ಮನೆ ಕಟ್ಟಿಸಿದ್ದ, ನಮಗೇ ಕೊಡುವೆನೆಂದ. ಹೋಗಿ ನೋಡಿದೆವು. ಸುತ್ತ ಒಂದು ಮನೆಯಿಲ್ಲ, ಬರೀ ಹೊಲ. ಗಂಡ ಈ ಸಲ "ಅಡ್ಡಿ ಇಲ್ಲ" ಅನ್ನಲಿಲ್ಲ. "ಭಾಳ ಛಲೋ ಐತಿ," ಅಂದ. ಅಲ್ಲೇ ನಿಂತು ಮೊಬೈಲಿನಲ್ಲಿ ಒಂದು ಪುಟ ಓದಿ ಕಳಿಸಿದರೆ ಕಚೇರಿಯ ಹುಡುಗಿ, "ಮೇಡಂ, ಸ್ಟುಡಿಯೋ ಬುಕ್ ಮಾಡಿದ್ರಾ?" ಅಂತ ಕೇಳಿದಳು. ನಾನು ಹುಟ್ಟಿದ ಹಳ್ಳಿಯೂ ಅಲ್ಲಿಂದ ಹತ್ತಿರವೇ. ಬೇಡ ಅನ್ನಲು ಒಂದು ಕಾರಣವೂ ಸಿಗಲಿಲ್ಲ. ಸೋಮವಾರ ತಿಳಿಸುತ್ತೇವೆ ಅಂದು ಬಂದೆವು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಗಂಡನ ಜೊತೆ ಜಗಳ ತೆಗೆದೆ. ಅವನು ಸೀಟು ಬಿಟ್ಟುಕೊಟ್ಟ ಮೇಲೂ ಮುಂದುವರಿಸಿದೆ. ನನಗೆ ಹೋಗಲು ಮನಸ್ಸಿರಲಿಲ್ಲ. ಹೋಗದಿದ್ದರೆ ಇಂದಲ್ಲ ನಾಳೆ ಕೆಲಸ ಕಳೆದುಕೊಳ್ಳುತ್ತೇನೆಂಬ ಭಯವೂ ಹೋಗಿರಲಿಲ್ಲ. ಗೋಡೆಯಾಚೆಯ ಒಬ್ಬ ಹೆಂಗಸಿನ ಸಲುವಾಗಿ ಇಂಥ ಮನೆಯನ್ನು ಯಾರಾದರೂ ಬಿಡುತ್ತಾರೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಗಂಡನನ್ನು ಕೇಳುವ ಧೈರ್ಯವಿರಲಿಲ್ಲ.

ಸೋಮವಾರ ಮುಂಜಾನೆ ವೈನಿ ಗೋಡೆಯ ಮೇಲಿಂದ ಮಾತಾಡಲಿಲ್ಲ, ಬಾಗಿಲಿಗೇ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ತಾವು ಬೈಲಹೊಂಗಲಕ್ಕೆ ತೆರಳುವಿರೆಂದು ತಿಳಿದುಬಂದಿದೆ."

ನಾನು ನಕ್ಕೆ. ಅವಳು ನಗಲಿಲ್ಲ. ಒಂದೊಂದೇ ಅಕ್ಷರವನ್ನು ಕಾಳು ಆರಿಸಿದಂತೆ ಆರಿಸಿ ಹೇಳಿದಳು: "ದಯವಿಟ್ಟು ಹೋಗಬೇಡಿ."

ಹೋಗಬ್ಯಾಡ್ರಿ ಅಂದುಬಿಡಬಹುದಿತ್ತು. ಆದರೆ ಇನ್ನೂ ನನ್ನ ಓದು ಬಾಕಿಯಿತ್ತಲ್ಲ, ಅಂಥ ಹೊತ್ತಿನಲ್ಲೂ ನನ್ನ ನಾಲಿಗೆ ಕೆಡದ ಹಾಗೆ ನೋಡಿಕೊಂಡಿದ್ದಳು. ಉತ್ತರ ನಾನು ಯೋಚಿಸುವ ಮೊದಲೇ ಬಂದುಬಿಟ್ಟಿತು.

"ಇಲ್ರೀ ವೈನಿ. ನಾವೆಲ್ಲೂ ಹೋಗಂಗಿಲ್ರಿ."

ಒಳಗೆ ನಕ್ಷೆ ಬರೆಯುತ್ತಿದ್ದ ಗಂಡ ಕೆಮ್ಮಿದ. ವೈನಿ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು, ಥೇಟ್ ಶಾಲೆಯ ಅಕ್ಕೋರ ಹಾಗೆ ನನ್ನತ್ತ ಬೆರಳು ತೋರಿಸಿದಳು.

"ಹಂಗನಬಾರದು. 'ಹೋಗುವುದಿಲ್ಲ' ಅನ್ರಿ."

"ಹೋಗುವುದಿಲ್ಲ," ಅಂದೆ.