ಮೋಡೆಮ್ ಮತ್ತು ಆರು ಗಂಟೆಯ ಪಾಠ

ದೆಹಲಿಯ ಪೀತಮ್‌ಪುರದ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಸಂಜೆ ಆರಕ್ಕೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತಿದ್ದವು. ನಡುಮನೆಯಲ್ಲಿ ನನ್ನ ಹೆಂಡತಿ ಚಾಪೆ ಹಾಸಿ ಶ್ರುತಿ ಪೆಟ್ಟಿಗೆಯ ಸ್ವಿಚ್ ಹಾಕುತ್ತಿದ್ದಳು, ಸುತ್ತಮುತ್ತಲಿನ ಕನ್ನಡದ ಮನೆಗಳ ಐದಾರು ಮಕ್ಕಳು ಎದುರು ಕೂರುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಕಂಪ್ಯೂಟರ್ ಮುಂದೆ ಕೂತು ಇಂಟರ್ನೆಟ್ಟಿಗೆ ಡಯಲ್ ಮಾಡುತ್ತಿದ್ದೆ. ನಡುವೆ ಬಾಗಿಲಿರಲಿಲ್ಲ, ಪರದೆ ಮಾತ್ರ ಇತ್ತು.

ಬೇರೆ ಹೊತ್ತು ನೋಡಿಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ದಿನಾ ಕೇಳುತ್ತಿದ್ದಳು. ಎಂಟರ ಮೇಲೆ ಊರಿನಿಂದ ಫೋನ್ ಬರುವ ಹೊತ್ತು, ಲೈನ್ ಖಾಲಿ ಇರಬೇಕು. ಏಳರ ಮೇಲೆ ಇಡೀ ದೆಹಲಿಯೇ ಡಯಲ್ ಮಾಡಲು ಕೂರುತ್ತಿತ್ತೋ ಏನೋ, ಏನು ಮಾಡಿದರೂ ಸಂಪರ್ಕ ಸಿಗುತ್ತಿರಲಿಲ್ಲ. ಆರಕ್ಕೆ ಸರಿಯಾಗಿ ಕೂತರೆ ಮಾತ್ರ ಕನ್ನಡ ಪತ್ರಿಕೆಯ ಮುಖಪುಟ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಮಂತ್ರಿಗಳ ತಲೆ ಮೊದಲು ಬರುತ್ತಿತ್ತು, ಭುಜ ಬರುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಮುಗಿಸಿರುತ್ತಿದ್ದೆ.

ಆ ಕಾಲದ ಮೋಡೆಮ್ಮಿನ ಸದ್ದು ಕೇಳಿದವರಿಗೆ ನೆನಪಿರುತ್ತದೆ. ಮೊದಲು ಫೋನ್ ಎತ್ತಿದಾಗ ಬರುವ ಗುಂಯ್ ಎಂಬ ಡಯಲ್ ಟೋನ್, ಆಮೇಲೆ ನಂಬರ್ ಒತ್ತಿದ ಟಿಕಿಟಿಕಿ, ಕೊನೆಗೆ ತಗಡಿನ ಮೇಲೆ ಮೊಳೆ ಎಳೆದಂಥ ಕಿರುಚಾಟ. ನನಗೆ ಆ ಕಿರುಚಾಟವೂ ಇಷ್ಟವಾಗುತ್ತಿತ್ತು, ಯಾಕೆಂದರೆ ಅದರ ಕೊನೆಯಲ್ಲಿ ಊರಿನ ಸುದ್ದಿ ಇರುತ್ತಿತ್ತು. ಆದರೆ ಮಕ್ಕಳು ಕಣ್ಣು ಮುಚ್ಚಿ ‘ಸ’ ಹಿಡಿಯುವುದೂ ಅದೇ ಗಳಿಗೆಗೆ. ಪರದೆಯ ಆಚೆಯಿಂದ ನನ್ನ ಹೆಂಡತಿ ಜೋರಾಗಿ ಕೆಮ್ಮುತ್ತಿದ್ದಳು. ಅದು ನೆಗಡಿಯ ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಅವಳ ಸಿಟ್ಟಿಗೆ ಕಾರಣವಿತ್ತು. ಮದುವೆಗೆ ಮೊದಲು ಸಂಗೀತದಲ್ಲೇ ಮುಳುಗಿದ್ದವಳು, ದೆಹಲಿಗೆ ಬಂದ ಮೇಲೆ ಯಾರ ಮುಂದೆಯೂ ಹಾಡಿರಲಿಲ್ಲ. ಮೊದಲು ದೆಹಲಿಯ ಇನ್ನೊಂದು ತುದಿಯ ಲಕ್ಷ್ಮೀ ನಗರದಲ್ಲಿದ್ದಾಗ ಕಷ್ಟಪಟ್ಟು ಒಂದು ಪಾಠ ಶುರು ಮಾಡಿದ್ದಳು. ನಾವು ಮನೆ ಬದಲಿಸಿದ್ದರಿಂದ ಅದು ಅಷ್ಟಕ್ಕೇ ನಿಂತಿತು. ಪೀತಮ್‌ಪುರದಲ್ಲಿ ಈ ಮಕ್ಕಳನ್ನು ಒಟ್ಟುಗೂಡಿಸುವಾಗಲೇ ಅವಳು ನನ್ನ ಹತ್ತಿರ ಹೇಳಿಬಿಟ್ಟಿದ್ದಳು: “ಇದೂ ನಿಂತ್ರೆ ಮತ್ತೆ ಶುರು ಮಾಡೋ ಶಕ್ತಿ ನನಗಿಲ್ಲ. ಸಂಗೀತ ಬಿಟ್ಟೇಬಿಡ್ತೀನಿ.” ಅವಳು ಬೆದರಿಸುವ ಪೈಕಿ ಅಲ್ಲ, ಹೇಳಿದ್ದನ್ನು ಮಾಡುವವಳು.

ಹಾಗಾಗಿ ನಾನು ಮೋಡೆಮ್ಮಿನ ಜೊತೆ ಬಂದಿದ್ದ ಪುಟ್ಟ ಪುಸ್ತಕ ಹಿಡಿದು ಕೂತೆ. ಮೋಡೆಮ್ಮಿಗೆ ಗುಟ್ಟಿನ ಅಪ್ಪಣೆಗಳಿರುತ್ತವೆಂದು ಅದರಿಂದ ತಿಳಿಯಿತು. ಸೆಟ್ಟಿಂಗಿನ ಒಂದು ಮೂಲೆಯಲ್ಲಿ ‘ಎಲ್ ಒಂದು’ ಎಂದು ಬರೆದರೆ ಸದ್ದು ಮೆಲ್ಲಗಾಗುತ್ತದೆ, ‘ಎಂ ಸೊನ್ನೆ’ ಎಂದು ಬರೆದರೆ ಪೂರ್ತಿ ಬಾಯಿ ಮುಚ್ಚುತ್ತದೆ. ಎಂ ಸೊನ್ನೆ ಬರೆದೆ. ಮನೆ ತಣ್ಣಗಾಯಿತು. ಆದರೆ ಮೌನದಲ್ಲಿ ಸಂಪರ್ಕ ಸಿಕ್ಕಿತೋ ತಪ್ಪಿತೋ ನನಗೇ ತಿಳಿಯದಾಯಿತು. ಡಯಲ್ ಮಾಡುವ ತಂತ್ರಾಂಶದಲ್ಲಿ ಅದಕ್ಕೂ ದಾರಿಯಿತ್ತು: ಸಂಪರ್ಕ ಸಿಕ್ಕಾಗ ಒಂದು, ತಪ್ಪಿದಾಗ ಒಂದು, ನಮಗೆ ಬೇಕಾದ ಸದ್ದು ಇಟ್ಟುಕೊಳ್ಳಬಹುದಿತ್ತು. ಸಂಗೀತದ ಮನೆಯಲ್ಲಿ ಸಂಗೀತವೇ ಕೇಳಲಿ ಎಂದುಕೊಂಡು ಹೆಂಡತಿಯ ಮುಂದೆ ಮೈಕ್ ಹಿಡಿದೆ. ಮೂಗು ಮುರಿಯುತ್ತಲೇ ಅವಳು ಎರಡು ತುಣುಕು ಹಾಡಿಕೊಟ್ಟಳು. ಸಂಪರ್ಕ ಸಿಕ್ಕಾಗ ‘ಸ ಪ ಸ’. ತಪ್ಪಿದಾಗ ಮಂಗಳದ ಒಂದು ಸಾಲು. ಆರಂಭಕ್ಕೆ ಆರಂಭ, ಮುಕ್ತಾಯಕ್ಕೆ ಮುಕ್ತಾಯ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಕರ್ನಾಟಕ ಸಂಗೀತದ ಪಾಠದಲ್ಲಿ ಮಂಗಳ ಹಾಡಿದರೆ ಆ ದಿನದ ಪಾಠ ಮುಗಿದಂತೆ. ಗುರುಗಳಿಗೆ ನಮಸ್ಕಾರ ಮಾಡಿ ಎದ್ದು ಹೋಗುವುದೇ. ನಮ್ಮ ಲೈನ್ ಹೇಳದೆ ಕೇಳದೆ ಕಡಿದುಹೋಗುವಂಥದ್ದು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದು ಸಂಜೆ ಪಾಠ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಹಾಲು ಉಕ್ಕುತ್ತದೆಂದು ನನ್ನ ಹೆಂಡತಿ ಅಡುಗೆಮನೆಗೆ ಓಡಿದಳು. ಅದೇ ಹೊತ್ತಿಗೆ ಲೈನ್ ಕಡಿಯಿತು. ಪರದೆಯ ಹಿಂದಿನಿಂದ ಅವಳದೇ ದನಿಯಲ್ಲಿ ಮಂಗಳ ಬಂತು. ಮಕ್ಕಳು ತಾವೂ ದನಿಗೂಡಿಸಿದರು, ಖಾಲಿ ಚಾಪೆಗೆ ನಮಸ್ಕಾರ ಮಾಡಿದರು, ನಾನು ಪರದೆ ಸರಿಸಿ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಇಳಿದೇಬಿಟ್ಟರು. ಅವಳು ಕೈ ಒರೆಸಿಕೊಳ್ಳುತ್ತಾ ಬಂದಾಗ ನಡುಮನೆಯಲ್ಲಿ ಶ್ರುತಿ ಪೆಟ್ಟಿಗೆ ಒಂದೇ ಹಾಡುತ್ತಿತ್ತು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಇಡೀ ತರಗತಿ ಕೆಳಗಡೆ ಗೋಲ್‌ಗಪ್ಪಾ ಮಾರುವ ಭಯ್ಯಾನ ಸುತ್ತ ನಿಂತಿತ್ತು.

ಊಟದ ಹೊತ್ತಿನವರೆಗೂ ಅವಳು ಮುಖ ಊದಿಸಿಕೊಂಡಿದ್ದಳು. ಚಪಾತಿ ಬಡಿಸುವಾಗ ಮಕ್ಕಳು ಖಾಲಿ ಚಾಪೆಗೆ ನಮಸ್ಕಾರ ಮಾಡಿದ್ದನ್ನು ನಾನು ಹೇಳಿದೆ, ಅವಳಿಗೇ ನಗು ತಡೆಯಲಾಗಲಿಲ್ಲ. ಮರುದಿನ ಆ ಎರಡು ತುಣುಕುಗಳನ್ನೂ ತೆಗೆದುಹಾಕಿದೆ. ಎಂ ಸೊನ್ನೆ ಮಾತ್ರ ಉಳಿಯಿತು.

ನಗು ಮುಗಿಯುವಷ್ಟರಲ್ಲಿ ಬೇರೆ ತೊಂದರೆ ಕಾಣಿಸಿಕೊಂಡಿತು. ಪಾಠದ ಮಕ್ಕಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಒಬ್ಬ ಮಂಗಳೂರಿನ ಕ್ರೈಸ್ತರ ಮನೆಯ ಹುಡುಗಿ. ದೆಹಲಿಯಲ್ಲೇ ಬೆಳೆದವಳು, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಉಳಿದ ಮಕ್ಕಳು ಅವಳ ದನಿ ಹಿಡಿದೇ ಹಾಡುತ್ತಿದ್ದರು. ಆ ಹುಡುಗಿಗೆ ಇದ್ದಕ್ಕಿದ್ದಂತೆ ‘ಸ’ ಸಿಗದಾಯಿತು. ಹುಡುಕುತ್ತಾ ಮೇಲೆ ಕೆಳಗೆ ಜಾರುತ್ತಿದ್ದಳು, ಅವಳ ಹಿಂದೆ ಎಲ್ಲರೂ ಜಾರುತ್ತಿದ್ದರು. ಶ್ರುತಿ ಪೆಟ್ಟಿಗೆ ಪಕ್ಕದಲ್ಲೇ ಹಾಡುತ್ತಿದ್ದರೂ ಅವಳು ಅದನ್ನು ಅನುಮಾನದಿಂದ ನೋಡುತ್ತಿದ್ದಳು. ನನ್ನ ಹೆಂಡತಿ ಎಲ್ಲ ಉಪಾಯ ಮಾಡಿ ಸೋತಳು. ಕಡೆಗೆ ಹುಡುಗಿ ಅತ್ತಳು. ಒಂದು ಶನಿವಾರ ಅವಳ ತಾಯಿ ಫೋನ್ ಮಾಡಿ, ಬೇಸರ ಮಾಡ್ಕೋಬೇಡಿ, ಇನ್ನು ಮೇಲೆ ಮಗಳನ್ನು ಕೀಬೋರ್ಡ್ ಕ್ಲಾಸಿಗೆ ಹಾಕುತ್ತೇವೆ ಎಂದರು. ಅವಳ ಜೊತೆ ಒಂದೇ ಆಟೊದಲ್ಲಿ ಬರುತ್ತಿದ್ದ ಇನ್ನಿಬ್ಬರೂ ಬಿಡುವುದು ಖಂಡಿತವಾಗಿತ್ತು. ಉಳಿದವರನ್ನು ಇಟ್ಟುಕೊಂಡು ಪಾಠ ಎನ್ನುವಂತಿರಲಿಲ್ಲ. ನನ್ನ ಹೆಂಡತಿ ಸರಿ ಎಂದು ಫೋನ್ ಇಟ್ಟು ಚಾಪೆ ಮಡಚಿದಳು. ಅದನ್ನು ನೋಡಿ ನನಗೆ ಭಯವಾಯಿತು.

ಭಾನುವಾರ ಹುಡುಗಿಗೆ ಒಂದು ಮಾತು ಹೇಳಿ ಬರೋಣ ಎಂದು ಅವಳೇ ಹೊರಟಳು, ನಾನೂ ಜೊತೆಗೆ ಹೋದೆ. ಟೀ ಬಂತು, ಬಿಸ್ಕತ್ತು ಬಂತು. ಹೊರಡುವ ಮೊದಲು ನನ್ನ ಹೆಂಡತಿ ಹುಡುಗಿಯ ತಲೆ ಸವರಿ, ಸುಮ್ಮನೆ ಒಂದು ಸಲ ‘ಸ’ ಹಾಡು, ತಪ್ಪಾದರೆ ಆಗಲಿ ಎಂದಳು. ಹುಡುಗಿ ಎದ್ದು ಫೋನಿನ ಹತ್ತಿರ ಹೋದಳು. ರಿಸೀವರ್ ಎತ್ತಿ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಹಾಡಿದಳು. ಒಂದಿಷ್ಟೂ ಅಲುಗದ, ನೆಟ್ಟಗಿನ ‘ಸ’.

ಅವಳ ತಾಯಿ ನಗುತ್ತಾ, ಮನೆಯಲ್ಲಿ ಅಭ್ಯಾಸ ಮಾಡುವುದೇ ಹೀಗೆ, ಶ್ರುತಿ ಪೆಟ್ಟಿಗೆ ನಮ್ಮಲ್ಲೆಲ್ಲಿದೆ ಎಂದರು. ಹುಡುಗಿ ನನ್ನ ಕಡೆ ದೂರುವವಳಂತೆ ನೋಡಿದಳು. “ಪೆಹಲೇ ಅಂಕಲ್ ಕಾ ಕಂಪ್ಯೂಟರ್ ಭೀ ಸ ದೇತಾ ಥಾ,” ಎಂದಳು. “ಅಬ್ ನಹೀ ದೇತಾ.” ಮೊದಲು ನನ್ನ ಕಂಪ್ಯೂಟರೂ ‘ಸ’ ಕೊಡುತ್ತಿತ್ತಂತೆ, ಈಗ ಕೊಡುವುದಿಲ್ಲವಂತೆ.

ನನಗೆ ಎಲ್ಲ ಅರ್ಥವಾಯಿತು. ಮೋಡೆಮ್ ಕಿರುಚುವ ಮೊದಲು ಗುಂಯ್ ಎನ್ನುತ್ತಿತ್ತಲ್ಲ, ಆ ಡಯಲ್ ಟೋನಿನಿಂದಲೇ ಹುಡುಗಿ ದಿನಾ ಶ್ರುತಿ ಹಿಡಿಯುತ್ತಿದ್ದಳು. ಮನೆಯ ಫೋನಿನಲ್ಲೂ ಅದೇ ದನಿ, ನಮ್ಮ ಕೋಣೆಯಲ್ಲೂ ಅದೇ ದನಿ. ನಾನು ಸದ್ದು ಅಡಗಿಸಿದ ಮೇಲೆ ಕೆಲವು ದಿನ ಹೆಂಡತಿಯ ‘ಸ ಪ ಸ’ ಅವಳನ್ನು ಕಾಪಾಡಿರಬೇಕು, ಅದನ್ನೂ ತೆಗೆದ ದಿನವೇ ಅವಳ ‘ಸ’ ಕಳೆದುಹೋಗಿತ್ತು.

ನನ್ನ ಹೆಂಡತಿ ರಿಸೀವರ್ ಇಸಿದುಕೊಂಡು ಕೇಳಿದಳು. ಅದು ಎಂಗೇಜ್ ಸದ್ದಿಗೆ ತಿರುಗಿದಾಗ ಇಟ್ಟು, ಮತ್ತೆ ಎತ್ತಿ ಕೇಳಿದಳು. ತನ್ನಷ್ಟಕ್ಕೆ ಗುನುಗಿದಳು. ಪೆಟ್ಟಿಗೆಯನ್ನು ಅವಳು ಹಾರ್ಮೋನಿಯಂ ಲೆಕ್ಕದ ಐದು ಮನೆ ಶ್ರುತಿಗೆ ಇಡುತ್ತಿದ್ದಳು, ಇದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತಂತೆ. ಆಮೇಲೆ ತಾಯಿಯ ಕಡೆ ತಿರುಗಿ, “ಇವಳು ತಪ್ಪು ಹಾಡ್ತಿಲ್ಲ,” ಎಂದಳು. “ಇವಳು ಹಿಡಿದಿರೋ ಕಡೆಗೆ ನಾನೇ ಬರ್ತೀನಿ. ನಾಳೆ ಕಳಿಸ್ತೀರಾ?”

ಮನೆಗೆ ಬರುವಾಗ ರಿಕ್ಷಾದಲ್ಲಿ ನಾನು ಮೋಡೆಮ್ಮಿನ ಸದ್ದು ವಾಪಸ್ ತರಲೇ ಎಂದು ಉತ್ಸಾಹದಿಂದ ಕೇಳಿದೆ. ನಿಮ್ಮ ಉಪಕಾರ ಸಾಕು ಎಂದಳು. ಆದರೆ ನಗುತ್ತಾ ಎಂದಳು.

ಸೋಮವಾರ ಆರಕ್ಕೆ ಆಟೊ ಬಂತು, ಮೂವರೂ ಇಳಿದರು. ಕಲಿಸಿದ ಗುರುಗಳ ಶ್ರುತಿಯಿಂದ ಕೂದಲೆಳೆ ಆಚೀಚೆ ಸರಿಯಲು ಒಪ್ಪದಿದ್ದ ನನ್ನ ಹೆಂಡತಿ, ನಮ್ಮ ಫೋನಿನ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಪೆಟ್ಟಿಗೆಯ ತಿರುಗಣೆಯನ್ನು ಮೆಲ್ಲಗೆ ಮೇಲಕ್ಕೆ ಒಯ್ದಳು. ಎರಡು ದನಿ ಒಂದಾದಾಗ ರಿಸೀವರ್ ಕೆಳಗಿಟ್ಟು ಹುಡುಗಿಗೆ ಸನ್ನೆ ಮಾಡಿದಳು. ಹುಡುಗಿ ‘ಸ’ ಹಿಡಿದಳು. ಮನೆಯ ಫೋನಿನಲ್ಲಿ ಡಯಲ್ ಟೋನ್ ಕಡಿದುಹೋಗುವಷ್ಟು ಹೊತ್ತಾದ ಮೇಲೆ ಅಭ್ಯಾಸಬಲದಿಂದ ನಿಲ್ಲಿಸಲು ಹೋದಳು. ಪೆಟ್ಟಿಗೆ ನಿಂತಿರಲಿಲ್ಲ. ಆಶ್ಚರ್ಯದಿಂದ ಅದನ್ನೇ ನೋಡುತ್ತಾ ಮುಂದುವರಿಸಿದಳು. ಉಳಿದವರು ಸೇರಿದರು, ಕೊನೆಗೆ ನನ್ನ ಹೆಂಡತಿಯೂ ಸೇರಿದಳು. ಸಾಮಾನ್ಯವಾಗಿ ಅವಳು ಪಾಠದಲ್ಲಿ ಮಕ್ಕಳ ದನಿ ಮುಚ್ಚಿಹೋಗದ ಹಾಗೆ ಅಳತೆಯಲ್ಲಿ ಹಾಡುವವಳು. ಅಂದು ಮಕ್ಕಳ ದನಿ ಎಲ್ಲೂ ಹೋಗುವುದಿಲ್ಲವೆಂದು ಧೈರ್ಯ ಬಂದಿತ್ತೋ ಏನೋ, ಕೊರಳು ಬಿಟ್ಟು ಹಾಡಿದಳು. ಮದುವೆಯಾಗಿ ಅಷ್ಟು ವರ್ಷವಾದರೂ ಅವಳ ದನಿ ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.